ಸುಲಿಯುವ ಕೊಠಡಿ

ಬಾ ದುಯಿನಾ, ಬಾಗಿಲು ಹಾಕಿಕೊ, ನಾಯಿಗಳು ನುಗ್ಗಿಬಿಡುತ್ತವೆ.
ಲೈಸೆನ್ಸು ಕೈಗೆ ಬಂತಂತೆ.
ಯಾವ ಕೋವಿ ಕೊಳ್ಳಲಿ ಅಂತ ಗಂಡಸರನ್ನು ಕೇಳಿದೆಯಂತೆ,
ಮೂರು ಮಂದಿ, ಐದು ಉತ್ತರ.

ಫೋಸ್ಕೋನದು ಮೂವತ್ತು-ಸೊನ್ನೆ-ಆರು, ತಾನೇ ತುಂಬಿಕೊಳ್ಳುವಂಥದು.
ಇನ್ನೂ ಇವೆಯಲ್ಲ ಎನ್ನುವ ಧೈರ್ಯಕ್ಕೇ
ಅವನ ಮೊದಲನೆಯದು ಹಾಳು.
ಔಷಧದಂಗಡಿ ಮಾರ್ಸಿಲಿಯೋನದು ಒಂಬತ್ತು ಪಾಯಿಂಟ್ ಮೂರು,
ಕರಡಿಗೆ ಸಾಕು, ಅವನ ಹೆಗಲಿಗೆ ಜಾಸ್ತಿ;
ಬೆರಳು ಮಡಿಸುವ ಮೊದಲೇ ಕಣ್ಣು ಮುಚ್ಚುತ್ತಾನೆ.
ನನಗೆ ಹೇಗೆ ಗೊತ್ತು?
ಅವನ ತೂತುಗಳೆಲ್ಲ ಒಂದು ಗೇಣು ಕೆಳಗೆ, ಎಡಕ್ಕೆ.

ನಾನು ಒಂದು ಗುಂಡೂ ಹಾರಿಸಿದವಳಲ್ಲ.
ಈ ಗುಡ್ಡದ ಹಂದಿಗಳನ್ನೆಲ್ಲ, ಮೂವತ್ತೊಂದು ಚಳಿಗಾಲ,
ಈ ಕೊಕ್ಕೆಯ ಕೆಳಗೆ ನಿಂತು ಬಿಚ್ಚಿದವಳು.
ಊರಿನ ಪಾದ್ರಿಗಿಂತ ಹೆಚ್ಚು ತಪ್ಪೊಪ್ಪಿಗೆ
ನನ್ನ ಚಾಕುವಿಗೆ ಗೊತ್ತು.

ಕೋಟು ಕಳಚು. ತೋಳು ಮಡಿಸು.
ಕೈ ಒಳಗಿಡು, ಇಲ್ಲಿ, ಇನ್ನೂ ಬಿಸಿ ಇದೆ, ಹೆದರಬೇಡ.
ಬೆನ್ನಿನ ಕೂದಲು ನಿಮಿರಿ ನಿಂತು ಹಂದಿಯನ್ನು ಎತ್ತರ ತೋರಿಸುತ್ತದೆ,
ನೀನು ನಡುವೆಂದು ಗುರಿಯಿಟ್ಟದ್ದು ನಡುವಲ್ಲ.
ಇನ್ನೂ ಕೆಳಗೆ. ಇನ್ನೂ ಮುಂದೆ.
ಮುಂಗಾಲಿನ ಮೊಣಕೈ ಸಿಕ್ಕಿತೇ? ಅದರ ತುಸು ಮೇಲೆ,
ಮೂರರಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ.
ಹಾ, ಅದೇ.
ಗುಂಡಿಗೆ.
ಗುಂಡಿಗೆ ಗೊತ್ತಿರಬೇಕಾದ ವಿಳಾಸ ಅದೊಂದೇ.

ನಾಲ್ಕು ಬೆರಳು ಹಿಂದೆ ಸರಿದರೂ ಪುಪ್ಪುಸ ಸಿಕ್ಕೀತು,
ಅದರಾಚೆ ಬರೀ ಹೊಟ್ಟೆ:
ಹಂದಿಗೆ ಒಂದು ರಾತ್ರಿಯ ನರಳಾಟ,
ನನಗೆ ನಾಲ್ಕು ಬಕೆಟ್ ನೀರು, ನಾತ,
ಮಾಂಸ ನಾಯಿಗೂ ಬೇಡ.
ತಲೆಗೆ ಹೊಡೆಯುತ್ತೇನೆ ಅಂತ ಜಂಬ ಕೊಚ್ಚುವವನ ಜೊತೆ ನಿಲ್ಲಬೇಡ.
ದವಡೆ ಮುರಿದುಕೊಂಡು ಹೋದದ್ದೊಂದು
ಚೆಸ್ಟ್‌ನಟ್ ರಾಶಿಯ ಮೇಲೆ ಸತ್ತುಬಿದ್ದಿತ್ತು, ಹಸಿದು.
ಗುಡ್ಡದ ನೆತ್ತಿಯಲ್ಲಿ ಬಂದರೆ ಬಿಡು, ಹಿಂದೆ ಆಕಾಶ, ಆಕಾಶದಾಚೆ ಯಾರದೋ ಮನೆ.
ನಾಯಿ ಬೆನ್ನಿಗಂಟಿದ್ದರೂ ಬಿಡು.

ಈಗ ಈ ಗಂಡಿನ ಭುಜ ಮುಟ್ಟಿ ನೋಡು.
ತೊಗಲ ಕೆಳಗೆ ಹಲಗೆ, ಅಲ್ಲವೇ?
ವರ್ಷವರ್ಷ ಮರಕ್ಕೆ ಉಜ್ಜಿ, ಒಂದನ್ನೊಂದು ಗುಮ್ಮಿ ಬೆಳೆಸಿಕೊಂಡ ಗುರಾಣಿ.
ತಡಿ,
ಇಲ್ಲೇನೋ ಚಾಕುವಿಗೆ ತಾಗಿತು.

ಇಂದಿನದಲ್ಲ. ಇಂದಿನದು ಕತ್ತಿನಲ್ಲಿದೆ, ತಾಮ್ರದ್ದು.
ಇದು ಸೀಸ. ಹನ್ನೆರಡು ಬೋರಿನ ಒಂಟಿಗುಂಡು,
ಬೆಳ್ಳಗೆ ಗಟ್ಟಿ ನಾರಿನ ಗೂಡು ಕಟ್ಟಿಕೊಂಡು ಕೂತಿದೆ,
ಹುರುಳಿಕಾಯಿಯೊಳಗಿನ ಕಾಳಿನಂತೆ.
ನಲ್ಲಿ ತಿರುಗಿಸು.
ಅಂಚಿನಲ್ಲಿ ಕಚ್ಚು ಇದೆಯಾ? ಉಗುರಿಗೆ ಸಿಗುವಷ್ಟು?

ನೇದೋ ನನ್ನ ಅಡುಗೆಮನೆಯ ಒಲೆಯಲ್ಲೇ ಸೀಸ ಕರಗಿಸುತ್ತಿದ್ದ.
ಅವನಪ್ಪನ ಅಚ್ಚು, ಒಮ್ಮೆ ನೆಲಕ್ಕೆ ಬಿದ್ದು ಅಂಚು ಮುಕ್ಕಾಗಿತ್ತು.
ಹೊಸದು ಕೊಳ್ಳೋ ಅಂದರೆ ನಗುತ್ತಿದ್ದ.
ಮೂರು ಚಳಿಗಾಲದ ಹಿಂದೆ, ಹಳ್ಳದ ಪಹರೆಯಲ್ಲಿ ನಿಂತು,
'ಹೊಡೆದೆ, ಭುಜಕ್ಕೇ ಬಿತ್ತು' ಅಂದ.
ರಕ್ತ ಇಲ್ಲ, ಒಂದು ಕೂದಲೂ ಇಲ್ಲ.
ಊಟದ ಮೇಜಿನಲ್ಲಿ ಅವನ ಅಂಗಿಯ ತುದಿ ಕತ್ತರಿಸಿ
ಗೋಡೆಗೆ ಮೊಳೆ ಹೊಡೆದರು.
ಕತ್ತರಿ ಕೊಟ್ಟವಳು ನಾನು.

ಸತ್ಯವೇ ಹೇಳಿದ್ದ, ನೋಡು, ಭುಜಕ್ಕೇ ಬಿದ್ದಿತ್ತು.
ಬೀಳಬಾರದ ಕಡೆ.
ಅವನು ಮಣ್ಣಿಗೆ ಹೋಗಿ ಹತ್ತು ತಿಂಗಳಾದರೂ
ಇದು ಅವನ ಮಾತನ್ನು ಹೊತ್ತು
ಈ ಗುಡ್ಡದಲ್ಲೆಲ್ಲ ಕುಂಟಿದೆಯೋ, ಕುಂಟಲೇ ಇಲ್ಲವೋ.
ಎಡ ಗೊರಸು ಸವೆದಿದೆ. ಬಲದ್ದೂ ಸವೆದಿದೆ.

ಅವನ ಜೋಡಿನಳಿಗೆ ಬೀರುವಿನಲ್ಲಿದೆ, ಎಣ್ಣೆ ಹಾಕಿಟ್ಟಿದ್ದೇನೆ.
ಮೂವತ್ತು ಹೆಜ್ಜೆಗಿಂತ ಆಚೆಗೆ ಅದನ್ನು ನಂಬಬೇಡ.
ಬೇಕಾದರೆ ತಗೋ.
ಅಚ್ಚು ಮಾತ್ರ ಕೇಳಬೇಡ.

ಈಗ ಹಿಂಗಾಲು ಹಿಡಿ, ಗಟ್ಟಿಯಾಗಿ.
ಅವರು ಮೇಲೆ ಬಾಟಲಿ ತೆರೆದಾಯಿತು, ಕೇಳಿಸುತ್ತದೆಯೇ?
ಈ ಸೀಸವನ್ನು ಅವರ ತಟ್ಟೆಗೆ ಹಾಕುತ್ತೇನೋ
ಇಲ್ಲ ನನ್ನ ಜೇಬಿಗೋ,
ತೊಳೆದು ಮುಗಿಯುವವರೆಗೆ ಕೇಳಬೇಡ.